ಮೈಸೂರಿನ ಫಿಲೋಮಿನಾ ಚರ್ಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮನೆ ಇದ್ದರೆ ನೆಂಟರು ತಪ್ಪುವುದಿಲ್ಲ. ದಸರಾಕ್ಕೊಂದು ತಂಡ, ಬೇಸಿಗೆ ರಜೆಗೊಂದು ತಂಡ. ಅರಮನೆ, ಝೂ, ಬೆಟ್ಟ ಮುಗಿದ ಮೇಲೆ ‘ಚರ್ಚಿಗೆ ಹೋಗೋಣ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಅಲ್ಲಿ ಕೇಳುವ ಪ್ರಶ್ನೆಗಳು, ಊರಿಗೆ ಹೋದ ಮೇಲೆ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಮೊದಮೊದಲು ನಾನೂ ಯಾರೋ ಹೇಳಿದ್ದನ್ನೇ ಒಪ್ಪಿಸಿಬಿಡುತ್ತಿದ್ದೆ. ಆಮೇಲೆ ತಪ್ಪು ಅಂತ ಗೊತ್ತಾಗಿ ನಾಚಿಕೆ ಆಗುತ್ತಿತ್ತು. ಹಾಗಾಗಿ ಓದಿ, ಸರಿ ನೋಡಿಕೊಂಡು, ಕೂತು ಬರೆದಿಟ್ಟೆ.

## ಮೊದಲ ಸಲ ಬರುವವರು ಕೇಳುವುದು

ಚರ್ಚ್ ಎಲ್ಲಿದೆ? ಅರಮನೆಯಿಂದ ನಡೆದುಕೊಂಡೇ ಹೋಗಬಹುದಾ?

ಅಶೋಕ ರಸ್ತೆಯಲ್ಲಿದೆ, ಅರಮನೆಯ ಉತ್ತರಕ್ಕೆ ಎರಡು-ಮೂರು ಕಿಲೋಮೀಟರ್. ಕಾಲು ಗಟ್ಟಿ ಇದ್ದರೆ ನಡೆಯಬಹುದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆಟೋ ಹಿಡಿಯಿರಿ. ‘ಫಿಲೋಮಿನಾ ಚರ್ಚ್’ ಅಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ.

ನಾವು ಕ್ರೈಸ್ತರಲ್ಲ. ಒಳಗೆ ಬಿಡ್ತಾರಾ?

ಬಿಡುತ್ತಾರೆ. ದಿನಾ ಬರುವ ಪ್ರವಾಸಿಗರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಪೂಜೆ ನಡೆಯುವ ಹೊತ್ತಲ್ಲಿ ಸುಮ್ನೆ ಅತ್ತಿತ್ತ ಓಡಾಡಬೇಡಿ. ಹಿಂದಿನ ಬೆಂಚಿನಲ್ಲಿ ಕೂತರೆ ಯಾರಿಗೂ ತೊಂದರೆ ಇಲ್ಲ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಮೊಬೈಲು ಜೇಬಿನಲ್ಲೇ ಇರಲಿ, ಕಣ್ಣಿಗೆ ಆಗಲಾದರೂ ಕೆಲಸ ಸಿಗುತ್ತದೆ.

ಒಬ್ಬರು ಸೇಂಟ್ ಜೋಸೆಫ್ ಅಂತಾರೆ, ಒಬ್ಬರು ಫಿಲೋಮಿನಾ ಅಂತಾರೆ. ಎರಡು ಚರ್ಚಾ?

ಒಂದೇ. ಪೂರ್ತಿ ಹೆಸರು ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಕ್ಯಾಥೆಡ್ರಲ್. ಜನರ ಬಾಯಲ್ಲಿ ಉಳಿದದ್ದು ಎರಡನೆಯ ಹೆಸರು ಮಾತ್ರ. ಪಾಪ, ಜೋಸೆಫರು ಹಿಂದೆ ಸರಿದುಬಿಟ್ಟರು. 1946ರಲ್ಲಿ ಬನ್ನಿಮಂಟಪದ ಕಡೆ ಶುರುವಾದ ಕಾಲೇಜಿಗೂ ಫಿಲೋಮಿನಾ ಹೆಸರೇ ಬಂತು. ಆಮೇಲಂತೂ ಈ ಹೆಸರು ಊರಿನ ಹೆಸರಿನ ಹಾಗೆ ಆಗಿಹೋಯಿತು.

ಇದನ್ನ ನಿಜಕ್ಕೂ ಯಾವ ಇಸವಿಯಲ್ಲಿ ಕಟ್ಟಿದ್ದು? ಒಂದೊಂದು ಕಡೆ ಒಂದೊಂದು ಬರೆದಿದಾರಲ್ಲ?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ನಾನು ಅತಿ ಜಾಸ್ತಿ ತಪ್ಪು ಹೇಳಿದ್ದೂ ಇದಕ್ಕೇ. 1843, 1926, 1933, 1936, 1941 — ಐದು ಇಸವಿಗಳು ಓಡಾಡುತ್ತಿವೆ. ಒಂದೊಂದು ಇಸವಿಗೂ ಅದರದ್ದೇ ಕಥೆ ಇದೆ.

1843 ಹಳೆಯ ಚರ್ಚಿನದ್ದು. ಇದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಚರ್ಚ್ ಕಟ್ಟಿಸಿದ್ದರು. ಈಗ ನಾವು ನೋಡುವ ಗೋಪುರಗಳಿಗೂ ಅದಕ್ಕೂ ಜಾಗದ ಸಂಬಂಧ ಇದೆ, ಕಟ್ಟಡದ ಸಂಬಂಧ ಇಲ್ಲ.

1926ರಲ್ಲಿ ಕಟ್ಟಡವೇ ಇರಲಿಲ್ಲ. ಆ ವರ್ಷ ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷದ (ಸಂತರ ದೇಹದ ಉಳಿಕೆಯ) ಒಂದು ತುಣುಕು ಮೈಸೂರಿಗೆ ಸಿಕ್ಕಿತು. ಅದನ್ನು ಇಡಲು ತಕ್ಕ ಜಾಗ ಬೇಕು ಅನ್ನುವಲ್ಲಿಂದ ಹೊಸ ಚರ್ಚಿನ ಯೋಚನೆ ಶುರುವಾಯಿತು.

1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಚರ್ಚಿಗೆ ಅಡಿಗಲ್ಲು ಹಾಕಿದರು. ತಾರೀಖಿನ ಸಮೇತ ಧೈರ್ಯವಾಗಿ ಹೇಳಬಹುದಾದ ದಿನ ಇದು. ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು ಆಗಿನ್ನೂ ಒಂದೆರಡು ವರ್ಷ ಆಗಿತ್ತು.

ಉಳಿದ ಎರಡು, ಅಂದರೆ 1936 ಮತ್ತು 1941, ‘ಮುಗಿದ ವರ್ಷ’ ಅಂತ ಬರೆಯುವವರ ಜಗಳ. ಕೆಲವರು ಮೊದಲನೆಯದನ್ನು ಹೇಳುತ್ತಾರೆ, ಕೆಲವರು ಎರಡನೆಯದನ್ನು. ಇಷ್ಟು ದೊಡ್ಡ ಕಟ್ಟಡ ಒಂದು ದಿನ ಬೆಳಗಾಗುವಷ್ಟರಲ್ಲಿ ಮುಗಿಯುವುದಿಲ್ಲ ಅಲ್ವಾ? ಮನೆ ಕಟ್ಟಿಸಿದವರಿಗೆ ಗೊತ್ತು, ಗೃಹಪ್ರವೇಶ ಆದ ಮೇಲೂ ಗಾರೆಯವರು ಬರುತ್ತಲೇ ಇರುತ್ತಾರೆ. ಹಾಗಾಗಿ ನನ್ನ ನೆಂಟರಿಗೆ ನಾನು ಹೇಳುವುದು ಇಷ್ಟೆ: ‘1933ರಲ್ಲಿ ಶುರು. 1940ರ ದಶಕ ಹುಟ್ಟುವ ಹೊತ್ತಿಗೆ ಪೂರ್ತಿ.’

ಏಷ್ಯಾದಲ್ಲೇ ಎರಡನೇ ಎತ್ತರದ ಚರ್ಚಂತೆ, ಹೌದಾ?

ಈ ಮಾತನ್ನು ಮೈಸೂರಿನಲ್ಲಿ ಕೇಳದವರೇ ಇಲ್ಲ. ಮೊದಲನೆಯದು ಯಾವುದು ಅಂತ ತಿರುಗಿ ಕೇಳಿ, ಹೇಳಿದವರು ಸುಮ್ಮನಾಗುತ್ತಾರೆ. ಇಲ್ಲಿನ ಜೋಡಿ ಗೋಪುರಗಳ ಎತ್ತರ 175 ಅಡಿ, ಸುಮಾರು 53 ಮೀಟರ್. ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಗೋಪುರ 160 ಅಡಿ. ಅದಕ್ಕಿಂತ ನಮ್ಮದು ಎತ್ತರ ಹೌದು. ಆದರೆ ತ್ರಿಶೂರಿನ ಪುತ್ತನ್‌ಪಳ್ಳಿಯ ಗೋಪುರವೇ 260 ಅಡಿ ಇದೆ. ಪಕ್ಕದ ರಾಜ್ಯದಲ್ಲೇ ಹೀಗಿರುವಾಗ ಇಡೀ ಏಷ್ಯಾದ ಪಟ್ಟಿ ಹಿಡಿದು ಕೂರುವುದು ಯಾಕೆ? 175 ಅಡಿಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ನಂಬರು ಬೇಕು ಅನ್ನಿಸುವುದಿಲ್ಲ.

## ರಾಜರು, ಅಧಿಕಾರಿಗಳು, ಪಾದ್ರಿಗಳು

ಮಹಾರಾಜರು ಹಿಂದೂಗಳು. ಚರ್ಚಿಗೆ ಯಾಕೆ ಸಹಾಯ ಮಾಡಿದ್ರು? ಬ್ರಿಟಿಷರ ಒತ್ತಡವಾ?

ಬ್ರಿಟಿಷರ ಒತ್ತಡ ಅನ್ನುವುದು ಸುಲಭದ ಉತ್ತರ. ಆದರೆ ಲೆಕ್ಕ ಹೊಂದುವುದಿಲ್ಲ. ಇದು ಕ್ಯಾಥೊಲಿಕ್ ಚರ್ಚು, ಇಲ್ಲಿದ್ದ ಪಾದ್ರಿಗಳು ಫ್ರೆಂಚರು. ಬ್ರಿಟಿಷ್ ಸರ್ಕಾರದ ಸ್ವಂತ ಚರ್ಚು ಬೇರೆ, ಆಂಗ್ಲಿಕನ್. ಫ್ರೆಂಚ್ ಕ್ಯಾಥೊಲಿಕರಿಗೆ ದೊಡ್ಡ ಚರ್ಚು ಆಗಲಿ ಅಂತ ಬ್ರಿಟಿಷರು ರಾಜರ ಹಿಂದೆ ಬೀಳುವ ಕಾರಣ ನನಗಂತೂ ಕಾಣುವುದಿಲ್ಲ.

ಮುಮ್ಮಡಿಯವರ ವಿಷಯ ತೆಗೆದುಕೊಳ್ಳಿ. 1831ರಲ್ಲೇ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು. ಬೆಂಗಳೂರಿನಲ್ಲಿ ಕೂತ ಕಮಿಷನರ್ ರಾಜ್ಯ ನೋಡಿಕೊಳ್ಳುತ್ತಿದ್ದ. ಅಂದರೆ 1843ರಲ್ಲಿ ಚರ್ಚು ಕಟ್ಟಿಸಿದ ಹೊತ್ತಿಗೆ ಅವರಿಗೆ ಅರಮನೆ ಇತ್ತು, ಮರ್ಯಾದೆ ಇತ್ತು, ಅಧಿಕಾರ ಇರಲಿಲ್ಲ. ದೇವಸ್ಥಾನಕ್ಕೆ, ಕವಿಗಳಿಗೆ, ವಿದ್ವಾಂಸರಿಗೆ ಕೊಡುವುದೇ ಅವರ ದೊರೆತನಕ್ಕೆ ಉಳಿದಿದ್ದ ದಾರಿ. ಚರ್ಚೂ ಅದೇ ಸಾಲಿನಲ್ಲಿ ಬಂತು ಅಂತ ನನ್ನ ಲೆಕ್ಕ. ಆಗ ಬರೆಸಿದ ಶಾಸನದ ಒಕ್ಕಣೆ ನನಗೆ ತುಂಬಾ ಇಷ್ಟ. ಲೋಕವನ್ನೆಲ್ಲ ಹುಟ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಯೇಸುಕ್ರಿಸ್ತ ಮನುಷ್ಯನಾಗಿ ಅವತರಿಸಿ 1843 ವರ್ಷಕ್ಕೆ ಈ ಚರ್ಚು ಕಟ್ಟಿತು ಅಂತ ಅದರ ಸಾರ. ದಾನಶಾಸನ ಓದಿ ರೂಢಿ ಇರುವವರಿಗೆ ಈ ಧಾಟಿ ತಟ್ಟನೆ ಗೊತ್ತಾಗುತ್ತದೆ. ದೇವರ ಹೆಸರಿನಿಂದ ಶುರು, ಅವತಾರದ ಮಾತು, ಆಮೇಲೆ ಕಾಲ. ಶಕವರ್ಷದ ಜಾಗದಲ್ಲಿ ಕ್ರಿಸ್ತಶಕ ಕೂತಿದೆ, ಅಷ್ಟೆ.

ನಾಲ್ವಡಿಯವರ ಕಾಲಕ್ಕೆ ಅಧಿಕಾರ ವಾಪಸು ಬಂದು ಅರ್ಧ ಶತಮಾನ ಕಳೆದಿತ್ತು. ಅಡಿಗಲ್ಲಿನ ಸಮಾರಂಭದಲ್ಲಿ ಅವರು ಆಡಿದ ಮಾತಿನ ತಿರುಳು ಹೀಗೆ: ಈ ಚರ್ಚಿಗೆ ಎರಡು ಅಡಿಪಾಯ, ಒಂದು ದೇವರ ಕರುಣೆ, ಇನ್ನೊಂದು ಜನರ ಕೃತಜ್ಞತೆ. ಜೊತೆಗೆ ಅವರ ಪಕ್ಕದಲ್ಲೇ ಕೆಲಸ ಮಾಡುವ ಅಧಿಕಾರಿಯೊಬ್ಬರು ಕ್ಯಾಥೊಲಿಕ್ ಆಗಿದ್ದರು. ಅದು ಮುಂದಿನ ಪ್ರಶ್ನೆ.

ತಂಬುಚೆಟ್ಟಿ ಅಂದ್ರೆ ಯಾರು? ದಿವಾನರಾಗಿದ್ದವರಾ?

ಇಲ್ಲಿ ಅಪ್ಪ-ಮಗನ ಗೊಂದಲ ಇದೆ. ಅಪ್ಪ ಟಿ. ಆರ್. ಎ. ತಂಬುಚೆಟ್ಟಿ. ಮೈಸೂರು ಚೀಫ್ ಕೋರ್ಟಿಗೆ ಮುಖ್ಯ ನ್ಯಾಯಾಧೀಶರಾದ ಮೊದಲ ಭಾರತೀಯ, ಹಂಗಾಮಿ ದಿವಾನರಾಗಿಯೂ ಕೆಲಸ ಮಾಡಿದವರು. ಅವರು 1907ರಲ್ಲೇ ತೀರಿಕೊಂಡರು. ಚರ್ಚಿನ ಕಥೆಯಲ್ಲಿ ಬರುವವರು ಮಗ, ಸರ್ ಟಿ. ತಂಬುಚೆಟ್ಟಿ. ನಾಲ್ವಡಿಯವರ ಹುಜೂರ್ ಸೆಕ್ರೆಟರಿ, ಅಂದರೆ ಮಹಾರಾಜರ ಕಾರ್ಯದರ್ಶಿ.

ಭಾರತಕ್ಕೆ ಪೋಪರ ಪ್ರತಿನಿಧಿಯಾಗಿ ಬಂದಿದ್ದ ಪೀಟರ್ ಪಿಸಾನಿ ಅವರಿಂದ ಫಿಲೋಮಿನಾ ಅವರ ಅವಶೇಷವನ್ನು ತರಿಸಿಕೊಂಡವರು ಇವರೇ. ಅದನ್ನು ಫಾದರ್ ಕೊಶೆ ಅವರ ಕೈಗೆ ಒಪ್ಪಿಸಿದರು. ಫಾದರ್ ಕೊಶೆ ಮಹಾರಾಜರ ಹತ್ತಿರ ಹೋಗಿ, ಈ ಸಂತರ ಹೆಸರಿನಲ್ಲಿ ಒಂದು ಚರ್ಚು ಆಗಬೇಕು, ನೆರವಾಗಬೇಕು ಅಂತ ಕೇಳಿಕೊಂಡರು. ರಾಜರ ಕಥೆ ಹೇಳುವಾಗ ಈ ನಡುವಿನ ಮನುಷ್ಯನನ್ನು ಬಿಟ್ಟುಬಿಡುತ್ತಾರೆ. ಅರಮನೆಗೂ ಚರ್ಚಿಗೂ ಎರಡಕ್ಕೂ ಬೇಕಾದವರು ಒಬ್ಬರಿಲ್ಲದಿದ್ದರೆ ಕೆಲಸ ಇಷ್ಟು ಸಲೀಸಾಗಿ ಆಗುತ್ತಿತ್ತಾ, ನನಗೆ ಅನುಮಾನ.

ಆಳಿದ್ದು ಬ್ರಿಟಿಷರು. ಫ್ರೆಂಚ್ ಪಾದ್ರಿಗಳಿಗೆ ಇಲ್ಲೇನು ಕೆಲಸ?

ಮೈಸೂರು ಸೀಮೆಯ ಕ್ಯಾಥೊಲಿಕರನ್ನು ನೋಡಿಕೊಂಡದ್ದು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಪಾದ್ರಿಗಳು. ಇವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಅಬ್ಬೆ ದುಬೋಯ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಡೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟು ಮಾಡಿದರು. ನಮ್ಮವರ ಹಾಗೇ ಬಟ್ಟೆ ಉಟ್ಟರು, ಸಸ್ಯಾಹಾರ ಉಂಡರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಓಡಾಡಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಅಂತ ಕರೆಯುತ್ತಿದ್ದರಂತೆ. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಈಗಲೂ ಇದೆ. ಶ್ರೀರಂಗಪಟ್ಟಣಕ್ಕೆ ಹೋದವರು ಗುಂಬಜ್ ನೋಡಿ ಹಾಗೇ ವಾಪಸು ಬರುತ್ತಾರೆ. ಒಂದು ಹತ್ತು ನಿಮಿಷ ಇಲ್ಲೂ ನಿಲ್ಲಿ.

1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಅವರ ಸಂಘದವರು ಇಲ್ಲೇ ಉಳಿದರು. ಫಿಲೋಮಿನಾ ಚರ್ಚು ಕಟ್ಟುವ ಕಾಲಕ್ಕೂ ಮೇಲುಸ್ತುವಾರಿ ಇದೇ ಸಂಘದ್ದು. ಕೆಲಸ ಪೂರ್ತಿ ಮಾಡಿಸಿದ ರೆನೆ ಫ್ಯೂಗಾ ಕೂಡ ಇದೇ ಸಂಘದವರು. ನಕ್ಷೆ ಬರೆದವರೂ ಡಾಲಿ ಅನ್ನುವ ಫ್ರೆಂಚರೇ.

## ಕಟ್ಟಡದ ಬಗ್ಗೆ

ಜರ್ಮನಿಯ ಕಲೋನ್ ಚರ್ಚಿನ ಕಾಪಿ ಅಂತಾರೆ. ಎಷ್ಟು ನಿಜ?

ಕಾಪಿ ಅಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಎದುರಿಗೆ ಅಕ್ಕಪಕ್ಕ ನಿಂತ ಎರಡು ಚೂಪು ಗೋಪುರಗಳು ಕಲೋನನ್ನು ನೆನಪಿಸುತ್ತವೆ. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೆಡ್ರಲ್ಲಿಗೂ ಹೋಲಿಸುವವರಿದ್ದಾರೆ. ಅಳತೆ ನೋಡಿದರೆ ಮಾತ್ರ ಜೋಡಿ ಆಗುವುದಿಲ್ಲ. ಕಲೋನಿನ ಗೋಪುರ ಸುಮಾರು 157 ಮೀಟರ್. ನಮ್ಮದು ಅದರ ಮೂರನೇ ಒಂದು ಭಾಗ.

ಇದರಲ್ಲಿ ಒಂದು ಮಜಾ ಇದೆ. ಕಲೋನ್ ಅಂದ ಕೂಡಲೇ ಜನ ಏಳೆಂಟು ನೂರು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಕೆಲಸ ಶುರುವಾದದ್ದು 1248ರಲ್ಲಿ, ಅದು ನಿಜ. ಆದರೆ 16ನೇ ಶತಮಾನದಲ್ಲಿ ಅರ್ಧಕ್ಕೆ ನಿಂತುಹೋಯಿತು. ಮೊಂಡು ಗೋಪುರದ ಮೇಲೆ ಒಂದು ಮರದ ಕ್ರೇನು ಶತಮಾನಗಟ್ಟಲೆ ಹಾಗೇ ನಿಂತಿತ್ತು. ಮತ್ತೆ ಕೈ ಹಾಕಿದ್ದು 1842ರಲ್ಲಿ, ಅಂದರೆ ಮುಮ್ಮಡಿಯವರ ಚರ್ಚಿಗಿಂತ ಒಂದೇ ವರ್ಷ ಹಿಂದೆ! ಗೋಪುರಗಳು ಮುಗಿದದ್ದು 1880ರಲ್ಲಿ. 1933ರಲ್ಲಿ ಇಲ್ಲಿ ಅಡಿಗಲ್ಲು ಬಿದ್ದಾಗ ಆ ‘ಪುರಾತನ’ ಗೋಪುರಗಳಿಗೆ 53 ವರ್ಷ. ನನ್ನ ಅಜ್ಜಿ ಆ ವಯಸ್ಸಲ್ಲಿ ಇನ್ನೂ ನೀರು ಸೇದುತ್ತಿದ್ದರು.

ಒಳಗೆ ಹೋದರೆ ಏನು ನೋಡಬೇಕು ಅಂತಾನೇ ಗೊತ್ತಾಗಲ್ಲ. ಎಲ್ಲಿಂದ ಶುರು ಮಾಡಲಿ?

ಬಾಗಿಲು ದಾಟಿದ ಕೂಡಲೇ ನಿಲ್ಲಿ. ನೀವು ಒಂದು ಶಿಲುಬೆಯ ಬುಡದಲ್ಲಿ ನಿಂತಿದ್ದೀರಿ. ಇಡೀ ಕಟ್ಟಡದ ನೆಲದ ಆಕಾರವೇ ಶಿಲುಬೆ. ಮುಂದೆ ಉದ್ದಕ್ಕೆ ಬೆಂಚು ಹಾಕಿರುವ ಹಜಾರ ಶಿಲುಬೆಯ ಉದ್ದದ ಮರ. ಅಲ್ಲಿ ಸುಮಾರು 800 ಜನ ಕೂರಬಹುದು. ಮುಂದೆ ನಡೆದ ಹಾಗೆ ಎಡಕ್ಕೂ ಬಲಕ್ಕೂ ಚಾಚಿಕೊಂಡಿರುವುದು ಶಿಲುಬೆಯ ಎರಡು ತೋಳು. ಅವು ಕೂಡುವ ಕಡೆ ಪೂಜಾಪೀಠ.

ಆಮೇಲೆ ಕಮಾನುಗಳನ್ನು ನೋಡಿ. ಅರಮನೆಯ ಬಳುಕುವ ಕಮಾನುಗಳನ್ನು ಬೆಳಗ್ಗೆ ನೋಡಿ ಬಂದಿದ್ದರೆ ಇನ್ನೂ ಒಳ್ಳೆಯದು. ಇಲ್ಲಿನವು ಎರಡು ಕೈ ಜೋಡಿಸಿ ಮುಗಿದ ಹಾಗೆ ತುದಿಯಲ್ಲಿ ಚೂಪು. ಗೋಥಿಕ್ ಶೈಲಿಯ ಗುಟ್ಟೇ ಇದು. ಚೂಪು ಕಮಾನು ಭಾರವನ್ನು ಪಕ್ಕಕ್ಕೆ ತಳ್ಳುವುದು ಕಡಿಮೆ, ನೆಟ್ಟಗೆ ಕಂಬಕ್ಕೆ ಇಳಿಸುವುದು ಜಾಸ್ತಿ. ಗೋಡೆಯ ಮೇಲೆ ಹೊರೆ ಕಡಿಮೆಯಾದರೆ ಅಲ್ಲಿ ದೊಡ್ಡ ಕಿಟಕಿ ಇಡಬಹುದು. ಕಿಟಕಿ ದೊಡ್ಡದಾದರೆ ಬಣ್ಣದ ಗಾಜು ತುಂಬಬಹುದು.

ಕೊನೆಗೆ ಆ ಗಾಜುಗಳು. ಯೇಸು ಹುಟ್ಟಿದ್ದು, ಶಿಷ್ಯರ ಜೊತೆ ಕಡೆಯ ಊಟ, ಶಿಲುಬೆ, ಸಾವಿನಿಂದ ಎದ್ದು ಬಂದದ್ದು, ಸ್ವರ್ಗಕ್ಕೆ ಏರಿದ್ದು. ಕಥೆ ಗೊತ್ತಿಲ್ಲದ ಮಕ್ಕಳಿಗೂ ಚಿತ್ರ ತೋರಿಸುತ್ತಾ ಹೇಳಬಹುದು. ಬಿಸಿಲಿರುವ ಹೊತ್ತಲ್ಲಿ ಹೋಗಿ. ಮೋಡ ಕವಿದ ಸಂಜೆ ಈ ಗಾಜುಗಳು ಸಪ್ಪೆ.

ಕೆಳಗೆ ಮಲಗಿರೋದು ನಿಜವಾದ ದೇಹವಾ?

ಅಲ್ಲ. ಅದು ಸಂತ ಫಿಲೋಮಿನಾ ಅವರ ಪ್ರತಿಮೆ. ನೆಲಮಾಳಿಗೆಗೆ ಇಳಿದು ಗಾಜಿನ ಹಿಂದೆ ನೋಡಿದಾಗ ಮಕ್ಕಳು ಹೆದರುತ್ತಾರೆ, ಮೊದಲೇ ಹೇಳಿಬಿಡಿ. ಅವಶೇಷ ಅಂತ ಕರೆಯುವುದು ಪುಟ್ಟ ತುಣುಕು. ಮುಖ್ಯ ಪೂಜಾಪೀಠದ ಕೆಳಗೆ ಅದನ್ನು ಕಾಪಾಡಿಟ್ಟಿದ್ದಾರೆ. ಸಂತರ ಅವಶೇಷದ ಮೇಲೆ ಪೂಜಾಪೀಠ ಕಟ್ಟುವುದು ಕ್ಯಾಥೊಲಿಕರಲ್ಲಿ ಬಹಳ ಹಳೆಯ ರೂಢಿ.

ಆ ಸುರಂಗ ಅರಮನೆವರೆಗೂ ಹೋಗುತ್ತಂತೆ?

ಮೈಸೂರಲ್ಲಿ ನೆಲದ ಕೆಳಗೆ ನಾಲ್ಕು ಮೆಟ್ಟಿಲು ಕಂಡರೆ ಸಾಕು, ಅದು ಅರಮನೆಗೋ ಶ್ರೀರಂಗಪಟ್ಟಣಕ್ಕೋ ಹೋಗಲೇಬೇಕು! ಇಲ್ಲಿರುವುದು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಿ ಬರುವ ಕಿರಿದಾದ ದಾರಿ. 1930ರ ದಶಕದಲ್ಲಿ ಮಹಾರಾಜರು ಕಾರಿನಲ್ಲಿ ಬರುತ್ತಿದ್ದರು. ಸುರಂಗದಲ್ಲಿ ನುಸುಳಿ ಬರುವ ಕಷ್ಟ ಅವರಿಗೇನಿತ್ತು?

## ಇನ್ನೂ ಆಳಕ್ಕೆ ಇಳಿಯುವವರಿಗೆ

ಫಿಲೋಮಿನಾ ಅನ್ನೋ ಸಂತರೇ ಇರಲಿಲ್ಲವಂತೆ, ಪಟ್ಟಿಯಿಂದ ತೆಗೆದುಹಾಕಿದ್ರಂತೆ. ನಿಜನಾ?

ಅರ್ಧ ನಿಜ. ಕಥೆ ಮೊದಲಿನಿಂದ ಕೇಳಿ.

1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಒಂದು ಗೋರಿ ಸಿಕ್ಕಿತು. ಒಳಗೆ ಹದಿಮೂರು-ಹದಿನಾಲ್ಕು ವರ್ಷದ ಹುಡುಗಿಯ ಮೂಳೆಗಳು. ಗೋರಿ ಮುಚ್ಚಿದ್ದು ಸುಟ್ಟ ಮಣ್ಣಿನ ಮೂರು ಬಿಲ್ಲೆಗಳಿಂದ. ಅವುಗಳ ಮೇಲೆ ಲ್ಯಾಟಿನ್ ಅಕ್ಷರ: ‘ಲುಮೆನಾ’, ‘ಪಾಕ್ಸ್ ತೆ’, ‘ಕುಮ್ ಫಿ’. ಹೀಗೆ ಓದಿದರೆ ಅರ್ಥವಿಲ್ಲ. ಮೊದಲ ಬಿಲ್ಲೆಯನ್ನು ಕೊನೆಗೆ ಇಟ್ಟರೆ ‘ಪಾಕ್ಸ್ ತೆಕುಮ್ ಫಿಲುಮೆನಾ’ ಆಗುತ್ತದೆ. ಫಿಲುಮೆನಾ, ನಿನಗೆ ಶಾಂತಿ ಇರಲಿ ಅಂತ. ಹುಡುಗಿಗೆ ಹೆಸರು ಸಿಕ್ಕಿದ್ದು ಹೀಗೆ.

1805ರಲ್ಲಿ ಆ ಮೂಳೆಗಳನ್ನು ನೇಪಲ್ಸ್ ಹತ್ತಿರದ ಮುನ್ಯಾನೊ ಅನ್ನುವ ಊರಿಗೆ ತಂದರು. ಅಲ್ಲಿ ಪವಾಡಗಳ ಸುದ್ದಿ ಹಬ್ಬಿತು. ಆಕೆ ಗ್ರೀಕ್ ರಾಜಕುಮಾರಿ, ಚಕ್ರವರ್ತಿಯನ್ನು ಮದುವೆ ಆಗಲು ಒಪ್ಪದೆ ಹಿಂಸೆ ಉಂಡು ಸತ್ತಳು ಅನ್ನುವ ಕಥೆ ಗೋರಿಯಲ್ಲಿ ಸಿಕ್ಕಿದ್ದಲ್ಲ. ಅದು 1833ರಲ್ಲಿ ನೇಪಲ್ಸಿನ ಒಬ್ಬ ಕನ್ಯಾಸ್ತ್ರೀಗೆ ದರ್ಶನದಲ್ಲಿ ಗೊತ್ತಾಯಿತು ಅಂತ ಹೇಳುತ್ತಾರೆ. 1835ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ಪೌಲಿನ್ ಜಾರಿಕೋ ಕಾಯಿಲೆ ಬಿದ್ದು ಮುನ್ಯಾನೊಗೆ ಹೋಗಿ ಗುಣವಾದರು. 1837ರಲ್ಲಿ ಪೋಪ್ 16ನೇ ಗ್ರೆಗರಿ ಆಕೆಯ ಹಬ್ಬಕ್ಕೆ ಒಪ್ಪಿಗೆ ಕೊಟ್ಟರು. ಆಗಸ್ಟ್ 11 ಹಬ್ಬದ ದಿನ.

ಮುಂದೆ ಸಂಶೋಧಕರು ಬಿಲ್ಲೆಗಳ ಮೇಲೆ ಅನುಮಾನ ಎತ್ತಿದರು. ಅವು ಬೇರೆ ಗೋರಿಯದ್ದು, ಇಲ್ಲಿ ಮತ್ತೆ ಬಳಸಿದ್ದಾರೆ, ಅದಕ್ಕೇ ಹಿಂದುಮುಂದಾಗಿವೆ ಅನ್ನುವ ವಾದ ಬಂತು. ಹಾಗಿದ್ದರೆ ಮೂಳೆ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು. 1961ರ ಫೆಬ್ರವರಿ 14ರಂದು ರೋಮ್ ಆಕೆಯ ಹಬ್ಬವನ್ನು ಎಲ್ಲ ಪೂಜಾ ಕ್ಯಾಲೆಂಡರುಗಳಿಂದ ತೆಗೆಸಿತು. ತೆಗೆದದ್ದು ಕ್ಯಾಲೆಂಡರಿನಿಂದ. ಆಕೆಗೆ ಪ್ರಾರ್ಥನೆ ಮಾಡಬೇಡಿ ಅಂತ ಯಾರೂ ಹೇಳಲಿಲ್ಲ. ಮೈಸೂರಿನಲ್ಲಿ ಮೇಣದ ಬತ್ತಿ ಹಚ್ಚುವವರ ಸಾಲೂ ಕರಗಲಿಲ್ಲ.

ಇಟಲಿಯಲ್ಲಿ ಸಿಕ್ಕ ಸಂತರು ಮೈಸೂರಿಗೆ ಬಂದಿದ್ದು ಹೇಗೆ? ನಮಗೂ ಅವರಿಗೂ ಏನು ಸಂಬಂಧ?

ಫ್ರೆಂಚರ ಮೂಲಕ ಅಂತ ನನ್ನ ಊಹೆ. ಮೇಲೆ ಹೇಳಿದ ಪೌಲಿನ್ ಜಾರಿಕೋ ಸಾಮಾನ್ಯರಲ್ಲ. ಬಡವರಿಂದ ವಾರಕ್ಕೊಂದು ಪುಡಿಗಾಸು ಕೂಡಿಸಿ ದೂರದೇಶದ ಮಿಷನ್ನುಗಳಿಗೆ ಕಳಿಸುವ ಸಂಘ 1822ರಲ್ಲಿ ಲಿಯೋನಿನಲ್ಲಿ ಹುಟ್ಟಿದ್ದು ಅವರ ಪ್ರಯತ್ನದಿಂದ. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನಿ ಕೂಡ ಫಿಲೋಮಿನಾ ಅವರ ದೊಡ್ಡ ಭಕ್ತರು. ತಮ್ಮಿಂದ ಗುಣವಾಯಿತು ಅಂತ ಜನ ಅಂದರೆ, ‘ಎಲ್ಲ ಆಕೆಯದ್ದೇ’ ಅನ್ನುತ್ತಿದ್ದರಂತೆ. ಇಂಥ ನಾಡಿನಲ್ಲಿ ಬೆಳೆದ ಹುಡುಗರು ಪಾದ್ರಿಗಳಾಗಿ ಹಡಗು ಹತ್ತಿದಾಗ ಆ ಹೆಸರನ್ನೂ ಜೊತೆಗೆ ತಂದಿರಬೇಕು.

ಚರ್ಚ್, ಕ್ಯಾಥೆಡ್ರಲ್, ಬೆಸಿಲಿಕಾ — ದೊಡ್ಡದು ಯಾವುದು?

ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಷಪ್ಪರ ಪೀಠ ಇರುವ ಚರ್ಚು ಕ್ಯಾಥೆಡ್ರಲ್, ನಮ್ಮ ಕನ್ನಡ ಕ್ಯಾಥೊಲಿಕರು ಪ್ರಧಾನಾಲಯ ಅನ್ನುತ್ತಾರೆ. ಬೆಸಿಲಿಕಾ ಅನ್ನುವುದು ಪೋಪ್ ಕೊಡುವ ಗೌರವ. ಶಿವಾಜಿನಗರದ ಚರ್ಚಿಗೆ 1974ರಲ್ಲಿ, ಕಾರ್ಕಳದ ಅತ್ತೂರಿಗೆ 2016ರಲ್ಲಿ ಅದು ಸಿಕ್ಕಿತು. ಮೈಸೂರಿನದ್ದು ಕ್ಯಾಥೆಡ್ರಲ್.

ಹಾಗಾದ್ರೆ 1933ರಿಂದಲೇ ಕ್ಯಾಥೆಡ್ರಲ್ಲಾ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಉತ್ತರ: ಅಲ್ಲ. 1886ರಲ್ಲಿ ಮೈಸೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಸೀಮೆ) ಆದಾಗ ಹೆಸರು ಮೈಸೂರಿನದ್ದು, ಬಿಷಪ್ಪರು ಇದ್ದದ್ದು ಬೆಂಗಳೂರಿನಲ್ಲಿ. ರಾಜರು ಮೈಸೂರಲ್ಲಿ, ಆಫೀಸುಗಳು ಬೆಂಗಳೂರಲ್ಲಿ ಅನ್ನುವ ಹಳೇ ಸಂಸ್ಥಾನದ ಏರ್ಪಾಡು ಚರ್ಚಿಗೂ ಬಂದಿತ್ತು ನೋಡಿ. ಅಡಿಗಲ್ಲು ಹಾಕಿದಾಗ ಇದು ಒಂದು ಊರಿನ ಚರ್ಚು ಮಾತ್ರ.

1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರವಾಯಿತು. ಆಗಿನ ಬಿಷಪ್ ಡೆಸ್ಪಾಟ್ಯೂರ್ ಬೆಂಗಳೂರಿಗೇ ಉಳಿದರು. ಮೈಸೂರಿಗೆ 1941ರಲ್ಲಿ ರೆನೆ ಫ್ಯೂಗಾ ಬಿಷಪ್ ಆಗಿ ಬಂದರು. ಬಿಷಪ್ಪರು ಊರಿಗೆ ಬರುವ ಹೊತ್ತಿಗೆ ಅವರ ಅಂತಸ್ತಿಗೆ ತಕ್ಕ ಕಟ್ಟಡ ಹೆಚ್ಚು ಕಡಿಮೆ ತಯಾರಾಗಿ ನಿಂತಿತ್ತು. 1941 ಅನ್ನುವ ಇಸವಿ ಯಾಕೆ ಅಷ್ಟೊಂದು ಕಡೆ ಬರುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಶುರುವಿನಿಂದಲೂ ಪೂಜೆ ಕನ್ನಡದಲ್ಲೇ ಇತ್ತಾ?

ಇಲ್ಲ, ಲ್ಯಾಟಿನ್ನಿನಲ್ಲಿ. ಇಲ್ಲಿ ಮಾತ್ರ ಅಲ್ಲ, ರೋಮಿನ ರೀತಿ ನಡೆಯುವ ಎಲ್ಲ ಚರ್ಚುಗಳಲ್ಲೂ ಹಾಗೇ. ಪ್ರಸಂಗ (ಪಾದ್ರಿಗಳ ಉಪದೇಶ), ಹಾಡು, ಜಪ ಊರಿನ ಭಾಷೆಯಲ್ಲಿ ನಡೆಯಬಹುದಿತ್ತು, ಬಲಿಪೂಜೆಯ, ಅಂದರೆ ‘ಮಾಸ್’ ಅನ್ನುವ ಮುಖ್ಯ ಪೂಜೆಯ, ಮಾತುಗಳು ಮಾತ್ರ ಲ್ಯಾಟಿನ್. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಆಯಾ ಊರಿನ ಭಾಷೆಗೆ ಬಾಗಿಲು ತೆರೆಯಿತು. ಆಮೇಲೆ ಕನ್ನಡ ಬಂತು. ಲ್ಯಾಟಿನ್ನಿನ ಕಾಲದಲ್ಲಿ ಗುರುಗಳೂ ಜನರ ಹಾಗೇ ಪೂಜಾಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಮಹಾಸಭೆಯ ನಂತರ ಪೀಠದ ಆಚೆ ಬದಿಗೆ ಬಂದು ಜನರ ಕಡೆ ತಿರುಗಿದರು.